ಒಂದೆಳೆ ಬಿಳಿ ಅಂಚು

“ಕೈ ನಡುಗಿದ್ರೆ ರಾಜನ ಕಾಲು ಹೋಗುತ್ತೆ, ಹುಷಾರು!” ಎಂದಳು ಅತ್ತೆ.

ಪಿಟೀಲು ಉಸಿರು ಬಿಗಿಹಿಡಿದು ಬ್ಲೇಡ್ ಎಳೆದಳು. ಸರ್ರ್! ಸ್ಟೀಲ್ ಸ್ಕೇಲಿನ ಪಕ್ಕದಲ್ಲಿ ಕಾರ್ಡಿನ ಬಿಳಿ ಅಂಚು ಸುರುಳಿ ಸುತ್ತಿ ಬಿತ್ತು. ರಾಜನ ಕಾಲು ಬಚಾವಾಯಿತು.

ತೊಟ್ಟಿಲಲ್ಲಿದ್ದಾಗ ಸಣ್ಣ ದನಿಯಲ್ಲಿ ಒಂದೇ ಸಮ ಕುಂಯ್‌ಗುಟ್ಟುತ್ತಿದ್ದುದಕ್ಕೆ ಅಂಟಿದ ಹೆಸರು ಪಿಟೀಲು. ಈಗ ಐದನೇ ಕ್ಲಾಸು. ಅಳು ಹೋಯಿತು, ಹೆಸರು ಹೋಗಲಿಲ್ಲ.

ಅತ್ತೆಯ ಕೆಲಸ ಟ್ಯಾರೋ ಕಾರ್ಡ್ ನೋಡಿ ಭವಿಷ್ಯ ಹೇಳುವುದು. ಎಪ್ಪತ್ತೆಂಟು ಕಾರ್ಡು, ಎಪ್ಪತ್ತೆಂಟು ಚಿತ್ರ. ಜನ ಮುಟ್ಟಿ ಮುಟ್ಟಿ ಅಂಚುಗಳೆಲ್ಲ ಕೊಳೆಯಾಗಿ ಕಿವಿ ಮಡಿಸಿಕೊಂಡಿದ್ದವು. ಅದಕ್ಕೇ ಇವತ್ತು ಕ್ಷೌರ. ಊರವರ ನಾಳೆಯನ್ನೆಲ್ಲ ಹೇಳುವ ಕಾರ್ಡುಗಳಿಗೆ ತಮ್ಮ ಕ್ಷೌರದ ಸುಳಿವೇ ಸಿಕ್ಕಿರಲಿಲ್ಲ.

“ಎಪ್ಪತ್ತೆಂಟೂ ಒಂದೇ ಅಳತೆ ಇರ್ಬೇಕು. ಕಣ್ಮುಚ್ಚಿ ಮುಟ್ಟಿದ್ರೆ ಯಾವ್ದು ಯಾವ್ದು ಅಂತ ಗೊತ್ತಾಗಬಾರ್ದು, ತಿಳೀತಾ?”

ಹೀಗೆ ಹೇಳಿ ಅತ್ತೆ ಔಷಧಿ ಅಂಗಡಿಗೆ ಹೊರಟಳು. ನಾಳೆ ಬೆಳಿಗ್ಗೆ ಅಜ್ಜಿಗೆ ಕಣ್ಣಿನ ಆಪರೇಷನ್. ಡ್ರಾಪ್ಸ್ ತರಬೇಕಿತ್ತು. ಅಜ್ಜಿಯ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರಲ್ಲಿ ಬರೀ ಮಂಜು. “ಇನ್ನೂ ತಡ ಮಾಡಿದ್ರೆ ಇದೂ ಉಳಿಯಲ್ಲ” ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಮನೆಯಲ್ಲಿ ಸದ್ದಿಲ್ಲ. ಅಜ್ಜಿ ಒಳಕೋಣೆಯಲ್ಲಿ ಮಲಗಿದ್ದಳು. ಸರ್ರ್. ಸರ್ರ್.

ಅಂಚು ಹೋದಂತೆಲ್ಲ ಚಿತ್ರಗಳು ಒಂಥರಾ ಆಗತೊಡಗಿದವು. ಇಷ್ಟು ದಿನ ಕಿಟಕಿಯಾಚೆ ನಿಂತು ನೋಡುತ್ತಿದ್ದವರು ಈಗ ಹೊಸಿಲಿಗೇ ಬಂದು ನಿಂತಂತಿತ್ತು. ಒಂದು ಕಾರ್ಡಿನ ನದಿ ಪಕ್ಕದ ಕಾರ್ಡಿನ ರಸ್ತೆಗೆ ಹರಿಯಿತು. ಗೋಪುರದಿಂದ ಬೀಳುತ್ತಿದ್ದವನು ಸೀದಾ ಮೇಜಿನ ಮೇಲೇ ಬೀಳುವಂತಿದ್ದ.

ಕೊನೆಗೆ ಉಳಿದವನು ಅವನೇ. ಕುದುರೆ ಏರಿದ ಎಲುಬಿನ ಸವಾರ. ಪಿಟೀಲು ಅವನಿಗೆ ‘ಎಲುಬಪ್ಪ’ ಎಂದು ಹೆಸರಿಟ್ಟಿದ್ದಳು. ಹೆಸರಿಟ್ಟ ಮೇಲೆ ಅರ್ಧ ಹೆದರಿಕೆ ಹೋಗಿತ್ತು. ಉಳಿದರ್ಧ ಮಾತ್ರ ಜಾಗ ಬಿಟ್ಟು ಕದಲಿರಲಿಲ್ಲ.

ಮೂರು ಕಡೆ ಕತ್ತರಿಸಿದಳು. ನಾಲ್ಕನೆಯದು ಕುದುರೆಯ ಮುಂಗಾಲಿನ ಕಡೆ. ಎತ್ತಿದ ಗೊರಸು ಬಿಳಿ ಅಂಚಿಗೆ ತಾಗಿಕೊಂಡೇ ಇತ್ತು. ಈ ಅಂಚೂ ಹೋದರೆ ಆ ಗೊರಸನ್ನು ಅದು ಎಲ್ಲಿ ಊರುತ್ತದೆ?

ಬ್ಲೇಡ್ ಇಟ್ಟಳು. ಕೋಣೆಯಲ್ಲಿ ಎಲ್ಲೋ ಟಕ್ ಎಂದಿತು. ಕೈ ತಾನಾಗಿ ಪಕ್ಕಕ್ಕೆ ಸರಿಯಿತು. ಸರ್ರ್! ದಾರದಷ್ಟು ಬಿಳಿ ಹಾಗೇ ಉಳಿದುಬಿಟ್ಟಿತು.

“ಇಷ್ಟು ಯಾರಿಗೆ ಕಾಣುತ್ತೆ?” ಎಂದುಕೊಂಡು ಅವನನ್ನು ಕಟ್ಟಿನ ಮಧ್ಯಕ್ಕೆ ತುರುಕಿದಳು.

ಅತ್ತೆಗೆ ಕಾಣಲೂ ಇಲ್ಲ. ಸಂಜೆ ಕಟ್ಟನ್ನು ಕಲಸಿ ಅಜ್ಜಿಯ ಮುಂದೆ ಹರವಿದಳು. “ಅಮ್ಮಾ, ನಾಳೆ ಹೆಂಗಿರುತ್ತೆ ನೋಡೋಣ, ಒಂದು ಎಳಿ.”

ಅಜ್ಜಿ ಎಳೆದಳು. ಎಲುಬಪ್ಪ.

“ಅಯ್ಯೋ, ಸಾವಿನ ಕಾರ್ಡು ಅಂತ ಹೆದರ್ಬಾರ್ದು. ಹಳೇದು ಮುಗೀತು, ಹೊಸದು ಶುರು ಅಂತ ಅರ್ಥ.”

“ಗಿರಾಕಿಗಳಿಗೆ ಹೇಳೋದನ್ನ ನನಗೆ ಹೇಳ್ಬೇಡ ಕಣೇ. ಇನ್ನೊಂದ್ಸಲ ಕಲಸು.”

ಕಲಸಿದಳು. ಅಜ್ಜಿಯ ಬೆರಳು ಕಾರ್ಡುಗಳ ಮೇಲೆ ಇರುವೆಯಂತೆ ಹರಿದು ಒಂದು ಕಡೆ ನಿಂತಿತು. ಎಲುಬಪ್ಪ.

ಮೂರನೇ ಸಲ. ಎಲುಬಪ್ಪ.

ಗೋಡೆ ಗಡಿಯಾರದ ಸದ್ದು ದೊಡ್ಡದಾಗಿ ಕೇಳತೊಡಗಿತು.

“ನಾಳೆ ಆಪರೇಷನ್ ಬೇಡ. ಫೋನ್ ಮಾಡಿ ಹೇಳ್ಬಿಡು” ಎಂದಳು ಅಜ್ಜಿ.

“ಡಾಕ್ಟರ್ ಹೇಳಿದ್ದು...”

“ಮೂರ್ ಸಲ ಬಂತಲ್ಲೇ!”

ಇಪ್ಪತ್ತು ವರ್ಷ ಕಾರ್ಡನ್ನು ನಂಬಿದ ಅತ್ತೆ ಈಗ ನಂಬುವುದಿಲ್ಲ ಎನ್ನುವುದು ಹೇಗೆ? ಫೋನ್ ಹಿಡಿದು ಬಾಗಿಲಾಚೆ ಹೋದಳು.

ಪಿಟೀಲು ಕಾರ್ಡಿನ ಮೇಲೆ ಬಗ್ಗಿದಳು. ಎಲುಬಪ್ಪನ ಪಕ್ಕದಲ್ಲಿ ಬಿಳಿ ದಾರ ಮಿಂಚುತ್ತಿತ್ತು. ಉಳಿದವರೆಲ್ಲ ಬೇಲಿ ಕಿತ್ತರೂ ಸುಮ್ಮನಿದ್ದರು. ಬೇಲಿ ಉಳಿದವನೊಬ್ಬನೇ ಮತ್ತೆ ಮತ್ತೆ ಹೊರಗೆ ಬರುತ್ತಿದ್ದ.

“ಅಜ್ಜೀ, ಅವನಾಗೇ ಬರ್ತಿಲ್ಲ. ನಾನು ಸರಿಯಾಗಿ ಕಟ್ ಮಾಡಿಲ್ಲ. ಭಯ ಆಯ್ತು. ಅಂಚು ಉಳೀತು, ಅದಕ್ಕೇ ನಿನ್ ಕೈಗೆ ಸಿಕ್ತಿದಾನೆ.”

ಅಜ್ಜಿ ಕಾರ್ಡಿನ ಅಂಚನ್ನು ಬೆರಳಿಂದ ಸವರಿದಳು. “ಗೊತ್ತು” ಎಂದಳು ಮೆಲ್ಲಗೆ.

“ಗೊತ್ತಾ!”

“ನನಗೀಗ ಬೆರಳೇ ಕಣ್ಣು ಕಣೇ. ಮೊದಲ್ನೇ ಸಲ ಅವನಾಗೇ ಬಂದ. ಆಮೇಲೆ ಎರಡು ಸಲ ನಾನೇ ಹುಡುಕಿ ಎಳೆದೆ.”

ಪಿಟೀಲು ಹತ್ತಿರ ಸರಿದಳು. “ಯಾಕಜ್ಜೀ?”

“ಕಣ್ಣಿಗೆ ಚಾಕು ಹಾಕ್ತಾರಂತೆ.”

ಅಜ್ಜಿಯ ದನಿ ಎಷ್ಟು ಸಣ್ಣಗಿತ್ತೆಂದರೆ, ಕ್ಲಾಸಿನ ಯಾವುದೋ ಹುಡುಗಿ ಪಕ್ಕದಲ್ಲಿ ಕೂತು ಹೇಳಿದ ಹಾಗಿತ್ತು.

ಪಿಟೀಲು ಎದ್ದುಹೋಗಿ ಸ್ಕೇಲು, ಬ್ಲೇಡು, ಕೆಳಗಿಡುವ ರಟ್ಟು ಎಲ್ಲ ತಂದಳು. “ನನಗೊಬ್ಬಳಿಗೇ ಆಗಲ್ಲ. ನೀನು ಸ್ಕೇಲ್ ಒತ್ತಿ ಹಿಡ್ಕೋ.”

ಅಜ್ಜಿ ಒತ್ತಿ ಹಿಡಿದಳು. ಸರ್ರ್! ಬಿಳಿ ದಾರ ಬಿತ್ತು. ಕುದುರೆಯ ಗೊರಸು ಗಾಳಿಯಲ್ಲೇ ನಿಂತಿತ್ತು. ಇಬ್ಬರೂ ಕಾದರು. ಅದು ಎಲ್ಲೂ ಊರಲಿಲ್ಲ.

ಪಿಟೀಲು ಅವನನ್ನು ಕಟ್ಟಿಗೆ ಸೇರಿಸಿ ಕಲಸಿ ಹರವಿದಳು. ಅಜ್ಜಿಯ ಬೆರಳು ಈ ತುದಿಯಿಂದ ಆ ತುದಿಗೆ ಹರಿಯಿತು, ಮತ್ತೆ ಹಿಂದಕ್ಕೆ ಬಂತು. ಎಲ್ಲ ಒಂದೇ ಸಮ. ಹಿಡಿದುಕೊಳ್ಳಲು ಎಲ್ಲೂ ಏನೂ ಸಿಗದೆ ಆ ಬೆರಳು ಮತ್ತೆ ಮತ್ತೆ ಅಲ್ಲೇ ಸುತ್ತತೊಡಗಿತು.

ಪಿಟೀಲು ತನ್ನ ಬೆರಳನ್ನು ಅದರ ದಾರಿಗೆ ಅಡ್ಡ ಇಟ್ಟಳು. ಅಜ್ಜಿ ಗಬಕ್ಕನೆ ಹಿಡಿದುಕೊಂಡಳು.

ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ತಲೆ ಹಾಕಿದಳು. “ಅಮ್ಮಾ, ಈಗ ಆಸ್ಪತ್ರೆ ಲೈನ್ ಸಿಕ್ತು. ಏನಂತ ಹೇಳ್ಲಿ?”

“ಎಷ್ಟು ಗಂಟೆಗೆ ಬರ್ಬೇಕು ಕೇಳು” ಎಂದಳು ಅಜ್ಜಿ. “ಜೊತೇಲಿ ಒಬ್ಬಳು ಹುಡುಗಿ ಇರ್ಬಹುದಾ, ಅದನ್ನೂ ಕೇಳು.”