ಶ್ರೀರಂಜನಿ ಟೀಚರ್ ತಲೆಯೊಳಗಿನ ಬಿಳಿ ಚುಕ್ಕೆ

"ಮುಟ್ಟಿದ್ರೆ ನೋಡಿ!"

ಶ್ರೀರಂಜನಿ ಟೀಚರ್ ಕೂಗಿದ ರಭಸಕ್ಕೆ ಹೊಸೂರಿನ ಆ ಸ್ಕ್ಯಾನಿಂಗ್ ಸೆಂಟರೇ ಬೆಚ್ಚಿಬಿತ್ತು.

ಗಟ್ಟಿಮುಟ್ಟಾದ ಹಿರಿಯರ ಮೆದುಳಿನಲ್ಲಿ ನೀರು ಹರಿದು ಕಸ ಹೇಗೆ ತೊಳೆದುಹೋಗುತ್ತದೆ ಎಂದು ನೋಡುವ ಅಧ್ಯಯನವದು. ಮದುವೆಯ ಗೋಜಿಗೇ ಹೋಗದ, ಅರವತ್ತಮೂರರ ಟೀಚರ್ ತಾವಾಗಿಯೇ ಹೆಸರು ಕೊಟ್ಟಿದ್ದರು. ಆದರೆ ಯಂತ್ರದೊಳಗೆ ಒಡವೆ ಕೂಡದು. ಅಮ್ಮ ಹಾಕಿಸಿದ ಮೂಗುಬೊಟ್ಟಿನ ತಿರುಪು ಜಪ್ಪಯ್ಯ ಅಂದರೂ ಬಿಚ್ಚದು. ನರ್ಸ್ ಸುಗುಣಾ ಕಟಿಂಗ್ ಪ್ಲೇಯರ್ ಹಿಡಿದು ನಿಂತಿದ್ದಳು!

"ಕತ್ತರಿಸ್ಬ್ಯಾಡ ಕಣಮ್ಮ. ಒಸಿ ಕೊಬ್ರಿ ಎಣ್ಣೆ ಕೊಡು," ಎಂದರು ಸರದಿಗೆ ಕಾಯುತ್ತಿದ್ದ ಜಯರಾಮಯ್ಯ. ಫ್ಯಾಕ್ಟರಿಯ ಟೂಲ್ ರೂಮಿನಿಂದ ನಿವೃತ್ತರಾದ ವಿಧುರ. "ತುಕ್ಕು ಹಿಡಿದಿರೋ ತಿರುಪೇ ಬಿಚ್ಚೀವ್ನಿ."

"ಇದು ಚಿನ್ನ ಕಣ್ರೀ!"

"ಅದ್ಕೇ ಮೆತ್ತಗೆ ಬಿಚ್ತೀನಿ, ಬನ್ನಿ."

ಅಷ್ಟು ದಪ್ಪ ಬೆರಳುಗಳು ಅದೆಷ್ಟು ನಾಜೂಕು! ತಿರುಪು ಸಲೀಸಾಗಿ ಬಿಚ್ಚಿಕೊಂಡಿತು. ಟೀಚರ್ ಎದೆ ಡವಡವ ಅಂದಿತು. 'ಅಯ್ಯೋ, ಈ ವಯಸ್ಸಲ್ಲಿ ಇದೇನಿದು...'

ಆಮೇಲೆ ದಿನಾ ಸಂಜೆ ರಾಮನಾಯಕನ ಕೆರೆ ದಂಡೆಯಲ್ಲಿ ಇಬ್ಬರದೂ ವಾಕಿಂಗ್. ಒಂದು ಸಂಜೆ ಜಯರಾಮಯ್ಯ ಕೇಳಿಯೇಬಿಟ್ಟರು.

"ಟೀಚರ್... ಮದ್ವೆ ಆಗಾನಾ?"

"ನಾಳೆ ಹೇಳ್ತೀನಿ," ಎಂದು ಟೀಚರ್ ನಾಚಿ ಮನೆಗೆ ಓಡಿದರು. ಮನಸ್ಸಿನಲ್ಲಿ ಉತ್ತರ ಹೂಂ ಎಂದೇ ಇತ್ತು.

ಬೆಳಿಗ್ಗೆ ಸುಗುಣಾಳ ಫೋನ್. "ಮೇಡಂ, ನಿಮ್ಮ ಮೆದುಳಿನ ವೈಟ್ ಮ್ಯಾಟರ್‌ನಲ್ಲಿ ಬದಲಾವಣೆ ಇದೆ. ಬಿಳಿ ಚುಕ್ಕೆ ಥರ..."

ಮುಂದಿನದು ಕೇಳುವ ಧೈರ್ಯವಾಗದೆ ಫೋನ್ ಇಟ್ಟುಬಿಟ್ಟರು. ಜೀವನವಿಡೀ ಮಕ್ಕಳಿಗೆ ಪ್ರಶ್ನೆ ಕೇಳಿದವರು, ತಮಗಾಗಿ ಒಂದು ಪ್ರಶ್ನೆ ಕೇಳಲಿಲ್ಲ ನೋಡಿ! 'ನನಗೆ ಮರೆವು ಬರುತ್ತೆ. ಪಾಪ, ಅವರಿಗೆ ಯಾಕೆ ಹೊರೆಯಾಗಲಿ?'

ಸಂಜೆ ಕೆರೆಯ ಬಳಿ, "ನನಗೆ ಇಷ್ಟವಿಲ್ಲ," ಎಂದರು.

ಜಯರಾಮಯ್ಯನವರ ಮುಖ ಸಪ್ಪಗಾಯಿತು. ಮಿಷನ್ ಎಣ್ಣೆ ಮೆತ್ತಿಕೊಂಡ ಕೈ ಟೀಚರಮ್ಮನಿಗೆ ಹೇಗೆ ಹಿಡಿಸೀತು, ಎಂದುಕೊಂಡು ಕೆರೆಯ ಕಡೆ ಬರುವುದನ್ನೇ ಬಿಟ್ಟರು. ಟೀಚರ್ ಮನೆಯಲ್ಲಿ ಅತ್ತರು.

ಮುಂದಿನ ವಾರ ಅಧ್ಯಯನ ನಡೆಸುವ ಡಾಕ್ಟರ್ ಮಾಲಿನಿ, ಹೆಸರು ಕೊಟ್ಟವರನ್ನೆಲ್ಲ ಕರೆಸಿ ಕೂರಿಸಿದರು. ಕೊನೆಗೂ ಟೀಚರ್ ಎದ್ದು ನಿಂತರು.

"ಆ ಬಿಳಿ ಚುಕ್ಕೆ... ನಾನು ಎಲ್ಲರನ್ನೂ ಮರೆತುಬಿಡ್ತೀನಾ ಡಾಕ್ಟ್ರೇ?"

"ಯಾರು ಹಾಗಂದಿದ್ದು! ವಯಸ್ಸಾದವರಲ್ಲಿ ಅದು ಸಾಮಾನ್ಯ. ಇಲ್ಲಿರೋ ಬಹಳ ಜನಕ್ಕೆ ಇದೆ. ಬಿ.ಪಿ. ನೋಡ್ಕೊಳ್ಳಿ, ನಡೀರಿ, ಚೆನ್ನಾಗಿ ನಿದ್ದೆ ಮಾಡಿ. ನಿದ್ದೇಲಿ ಮೆದುಳಿನ ಕಸ ಹೆಚ್ಚು ತೊಳೆದುಹೋಗುತ್ತಾ ಅಂತಾನೇ ನಾವು ನೋಡ್ತಿರೋದು."

ಹಿಂದಿನ ಸಾಲಿನಿಂದ ಜಯರಾಮಯ್ಯ ದಡಕ್ಕನೆ ಎದ್ದರು.

"ಅದ್ಕಾ ನನ್ನ ಬ್ಯಾಡ ಅಂದಿದ್ದು? ನಂಗೂ ಐತಲ್ಲ ಆ ಚುಕ್ಕೆ!"

ಎಲ್ಲರೂ ತಿರುಗಿ ನೋಡಿದರು. ಟೀಚರ್ ಕಣ್ಣು ತುಂಬಿ ಬಂತು, ನಗುವೂ ಬಂತು.

"ನಾಳೆ ನಿಜವಾಗ್ಲೂ ಮರೆತುಬಿಟ್ರೆ?"

"ನಾ ಜ್ಞಾಪಿಸ್ತೀನಿ. ನಾ ಮರ್ತ್ರೆ ನೀವು ಕಿವಿ ಹಿಂಡಿ."

"ಹಾಗಾದ್ರೆ... ಹೂಂ."

"ಒಂದು ಮಾತು ಈಗ್ಲೇ ಹೇಳ್ಬುಡ್ತೀನಿ ಟೀಚರ್. ನಾ ಗೊರಕೆ ಹೊಡೀತೀನಿ."

"ಡಾಕ್ಟ್ರು ನಿದ್ದೆ ಮಾಡಿ ಅಂದಿದ್ದಾರೆ! ಗೊರಕೆ ಕೇಳಿಸಿದ್ರೆ ಚೆನ್ನಾಗಿ ತಿವೀತೀನಿ!"

"ತಿವೀರಿ... ಕೈಗೆಟುಕೋವಷ್ಟು ಹತ್ರ ಇರ್ತೀರಲ್ಲ, ಸಾಕು."