ನೀಲಿ ಪುಸ್ತಕದ ಎಂಟನೇ ಗಂಟು

"ಆ ನೀಲಿ ಪುಸ್ತಕದಲ್ಲಿ ಮಾತ್ರ ಏನೂ ಬರೀಬೇಡಿ ಮೇಡಂ. ಬರೆದು ಸುಮ್ಮನಾದೋರ ಕೈ ಹೋಗುತ್ತೆ," ಎಂದಳು ಟವೆಲಮ್ಮ.

ಫಿಸಿಯೋ ಕೆಲಸಕ್ಕೆ ಸೇರಿದ ಮೊದಲ ದಿನ ಅದು. ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಆಟಗಾರರ ಉಳುಕು, ನೋವು ನೋಡಿಕೊಳ್ಳಲು ಬಂದವಳು ಟವೆಲು ಪಡೆಯಲು ನೆಲಮಾಳಿಗೆಗೆ ಇಳಿದಿದ್ದಳು. ಕಿಟಕಿಯಿಲ್ಲದ ಕೋಣೆ. ಒಗೆಯುವ ಯಂತ್ರಗಳೆರಡು ಒಂದೇ ಸಮನೆ ಗುಡುಗುಡು ಅನ್ನುತ್ತಿದ್ದವು. ಸೋಪಿನ ಪುಡಿಯ ವಾಸನೆ, ಒದ್ದೆ ಬಟ್ಟೆಯ ವಾಸನೆ, ಎಲ್ಲದರ ಅಡಿಯಲ್ಲಿ ಎಲ್ಲಿಂದಲೋ ಸುಟ್ಟ ಕೂದಲಿನ ಕಮಟು. ಇಪ್ಪತ್ತು ವರ್ಷ ಅಲ್ಲಿ ಟವೆಲು ಒಗೆದು ಒಗೆದು ಟವೆಲಮ್ಮನೇ ಆಗಿಹೋಗಿದ್ದ ಆ ಹೆಂಗಸಿನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ.

"ಯಾಕೆ, ಪುಸ್ತಕ ಕಚ್ಚುತ್ತಾ?" ಎಂದು ಫಿಸಿಯೋ ನಕ್ಕಳು.

"ನಗಬೇಡಿ. ಅದಕ್ಕೆ ಸುತ್ತಿರೋ ದಾರ ಸುಮ್ಮನೆ ನೂತಿದ್ದಲ್ಲ."

"ದಾರ ಯಾರನ್ನಾದ್ರೂ ಹಿಡಿದ್ರೆ ನನ್ನ ಹತ್ರ ಕಳಿಸಿ. ತಿಕ್ಕಿ ಬಿಡಿಸ್ತೀನಿ."

ಟವೆಲಮ್ಮ ಹನ್ನೆರಡು ಟವೆಲು ಎಣಿಸಿ ಕೊಟ್ಟಳು. ಫಿಸಿಯೋ ಮೆಟ್ಟಿಲು ಹತ್ತುವಾಗಲೂ ನಗುತ್ತಲೇ ಇದ್ದಳು. ಮಾಟ ಗೀಟ ಅಂದರೆ ಅವಳಿಗೆ ಅಷ್ಟು ಸದರ. ತನ್ನ ಕೈಗಳ ಬಗ್ಗೆ ಅವಳಿಗೆ ಜಂಬವೂ ಇತ್ತು. ಕಣ್ಣು ಮುಚ್ಚಿಕೊಂಡು ಬೆನ್ನ ಮೇಲೆ ಬೆರಳಾಡಿಸಿ ಯಾವ ಸ್ನಾಯು ಎಲ್ಲಿ ಬಿಗಿದಿದೆ ಎಂದು ಹೇಳಬಲ್ಲ ಕೈಗಳವು. ಅವಳ ಅನ್ನ ಅವುಗಳಲ್ಲೇ ಇತ್ತು.

ನೀಲಿ ಪುಸ್ತಕ ಆಫೀಸಿನ ಕಪಾಟಿನ ಮೇಲಿತ್ತು. ಸುತ್ತ ಬಿಳಿ ದಾರ, ದಾರದಲ್ಲಿ ಗಂಟುಗಳು. ಒಳಗಿನ ಮೊದಲ ಹಾಳೆಯಲ್ಲಿ ನಿಯಮ: ಸಿಬ್ಬಂದಿ ಕಂಡದ್ದನ್ನು ಇಲ್ಲಿ ಬರೆದು ಮೇಲಿನವರ ಸಹಿ ಪಡೆಯತಕ್ಕದ್ದು, ಬಳಿಕ ಆ ವಿಷಯವನ್ನು ಬೇರೆಲ್ಲೂ ಚರ್ಚಿಸತಕ್ಕದ್ದಲ್ಲ. ಒಡೆದ ಕೊಳಾಯಿಗೂ ಅದೇ ಪುಸ್ತಕ, ಬಿದ್ದು ಮೂಳೆ ಮುರಿದ ಹುಡುಗಿಗೂ ಅದೇ ಪುಸ್ತಕ. ಪ್ರತಿಯೊಂದರ ಕೆಳಗೂ ವಿಭಾಗದ ಡೈರೆಕ್ಟರು ಒಂದೇ ಮಾತು ಬರೆದಿದ್ದರು: 'ನೋಡಿದೆ.'

ಆಫೀಸಿನ ಮಂದಿ ಮಾತ್ರ ವಿಚಿತ್ರವಾಗಿದ್ದರು. ಒಲೆಯಿಂದ ಇಳಿದು ಇನ್ನೂ ಕುದಿಯುತ್ತಿದ್ದ ಚಹಾವನ್ನು ಡೈರೆಕ್ಟರು ನೀರಿನ ಹಾಗೆ ಗಟಗಟ ಕುಡಿದರು. ಅವರ ತುಟಿಯ ತುಂಬ ಗುಳ್ಳೆ. ಗುಮಾಸ್ತನ ಹೆಬ್ಬೆರಳಿಗೆ ಸ್ಟೇಪ್ಲರ್ ಪಿನ್ನು ಚುಚ್ಚಿಕೊಂಡು ರಕ್ತ ಹೆಪ್ಪುಗಟ್ಟಿತ್ತು.

"ರೀ, ನಿಮ್ಮ ಬೆರಳು!" ಎಂದಳು ಫಿಸಿಯೋ.

"ಓ, ಹೌದಲ್ಲ," ಎಂದು ಅವನು ಪಿನ್ನು ಕಿತ್ತು ಕಸದ ಬುಟ್ಟಿಗೆ ಹಾಕಿ ಫೈಲು ತೆಗೆದ. ಒಂದಿಷ್ಟು ವಿಟಮಿನ್ ಮಾತ್ರೆ ನುಂಗಿ ಎಂದು ಅವಳು ಬುದ್ಧಿ ಹೇಳಿದಳು.

ಕಾಲೇಜಿನ ಜಿಮ್ನಾಸ್ಟಿಕ್ಸ್ ಹಾಲಿನಲ್ಲಿ ಸಂಜೆ ಪುಟ್ಟ ಮಕ್ಕಳಿಗೂ ತರಬೇತಿ ಇತ್ತು. ಕಲಿಸುತ್ತಿದ್ದವನು ದೊಡ್ಡ ಕೋಚ್. ಗೋಡೆಯ ತುಂಬ ಅವನ ಕಪ್ಪುಗಳು, ಅವನ ಪಟಗಳು. ಅವನು ನಡೆದು ಬಂದರೆ ತಾಯಿ ತಂದೆಯರು ಎದ್ದು ನಿಲ್ಲುತ್ತಿದ್ದರು. ಮಕ್ಕಳಲ್ಲಿ ಎಲ್ಲರಿಗಿಂತ ಎತ್ತರ ಜಿಗಿಯುತ್ತಿದ್ದವಳು ಹತ್ತು ವರ್ಷದ ಒಂದು ಹುಡುಗಿ. ಅವಳನ್ನು ಎಲ್ಲರೂ ಮಿಡತೆ ಎನ್ನುತ್ತಿದ್ದರು.

ಮೂರನೇ ವಾರ ಮಿಡತೆ ಕಾಲು ಉಳುಕಿಸಿಕೊಂಡು ಫಿಸಿಯೋ ಕೋಣೆಗೆ ಬಂದಳು. ಪಟ್ಟಿ ಸುತ್ತುತ್ತಿದ್ದಾಗ ಮಗು ಅವಳ ಬಲಗೈಯ ಎರಡು ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಪುಟ್ಟ ಅಂಗೈ ತಣ್ಣಗೆ, ಬೆವರಿನಿಂದ ಅಂಟಂಟು.

"ಅಕ್ಕಾ, ಬೇಗ ವಾಸಿ ಮಾಡ್ಬೇಡಿ."

"ಯಾಕಮ್ಮಾ?"

"ವಾಸಿಯಾದ್ರೆ ಮತ್ತೆ ಸರ್ ರೂಮಿಗೆ ಹೋಗ್ಬೇಕು. ಎಲ್ರೂ ಹೋದ ಮೇಲೆ. ಬಾಗಿಲು ಹಾಕ್ಕೋತಾರೆ."

ಆಮೇಲೆ ಮಗು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ನೆಲ ನೋಡಿಕೊಂಡು, ಪಾಠ ಒಪ್ಪಿಸುವ ದನಿಯಲ್ಲಿ ಹೇಳಿತು. ಫಿಸಿಯೋಗೆ ಎದೆ ಧಸಕ್ಕೆಂದಿತು.

"ಅಮ್ಮಂಗೆ ಹೇಳಿದ್ಯಾ?"

"ಅಮ್ಮ ಸರ್‌ನ ದೇವರು ಅಂತಾರೆ. ನೀವು ಹೇಳ್ತೀರಾ ಅಕ್ಕಾ?"

"ಹೇಳ್ತೀನಿ ಚಿನ್ನ. ಇವತ್ತೇ ಹೇಳ್ತೀನಿ."

ಅವಳಿಗೆ ಕಾನೂನು ಗೊತ್ತಿರಲಿಲ್ಲವೆಂದಲ್ಲ. ಮಗುವಿನ ಮೇಲೆ ಇಂಥದ್ದು ನಡೆಯುತ್ತಿದೆಯೆಂದು ತಿಳಿದವರು ತಾವೇ ಪೊಲೀಸರಿಗೆ ತಿಳಿಸಬೇಕೆಂದು ಓದುವಾಗಲೇ ಕಲಿಸಿದ್ದರು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಬಂದಿತ್ತು, ಸರಿಯಾದ ಉತ್ತರವನ್ನೇ ಬರೆದಿದ್ದಳು. ಆದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎದುರಿಗಿದ್ದವನು ದೊಡ್ಡ ಕೋಚ್. ಸ್ಟೇಷನ್ನಿನ ದಾರಿ ಉದ್ದ, ಆಫೀಸಿನ ಕಪಾಟು ಹತ್ತೇ ಹೆಜ್ಜೆ. ಅವಳು ದಾರ ಬಿಚ್ಚಿದಳು. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಒಂದು ಮಗುವಿನ ಸುರಕ್ಷತೆಯ ವಿಷಯವೆಂದು ನಾಲ್ಕು ಸಾಲು ಬರೆದಳು.

ಡೈರೆಕ್ಟರು ಓದಿದರು. ಮುಖದಲ್ಲಿ ಏನೂ ಕದಲಲಿಲ್ಲ. 'ನೋಡಿದೆ' ಎಂದು ಬರೆದು ಸಹಿ ಹಾಕಿದರು.

"ನಿಮ್ಮ ಕೆಲಸ ಮುಗೀತು. ಇನ್ನು ನಂದು. ನಾನು ನಮ್ಮ ಮೇಲಿನೋರ ಕಿವಿಗೆ ಹಾಕ್ತೀನಿ."

"ಪೊಲೀಸರಿಗೆ..."

"ನಿಯಮ ಓದಿದ್ದೀರಲ್ಲ?" ಎನ್ನುತ್ತ ಅವರೇ ದಾರ ಸುತ್ತಿದರು.

ಅವಳ ಹೆಗಲ ಮೇಲಿನ ಭಾರ ಇಳಿದಂತಾಯಿತು. ನಿಜ ಹೇಳಬೇಕೆಂದರೆ ಆ ದಿನ ಅವಳು ಹೊಟ್ಟೆ ತುಂಬ ಉಂಡಳು.

ಮರುದಿನ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಬಲಗೈಯ ಎರಡು ಬೆರಳಿಗೆ ಬಾಚಣಿಗೆ ತಾಕಿದ್ದೇ ಗೊತ್ತಾಗಲಿಲ್ಲ. ಮಗು ಹಿಡಿದುಕೊಂಡಿದ್ದ ಅವೇ ಎರಡು. ಹಿಡಿತವಿತ್ತು, ಸ್ಪರ್ಶವಿರಲಿಲ್ಲ. ಕೈ ಅಡಿಯಲ್ಲಿಟ್ಟು ಮಲಗಿದ್ದೆನೋ ಏನೋ, ಜೋಮು ಎಂದುಕೊಂಡಳು. ಜೋಮಾದರೆ ಇರುವೆ ಹರಿದಂತಾಗಬೇಕು. ಇಲ್ಲಿ ಏನೂ ಇಲ್ಲ. ಎರಡನೇ ದಿನ ಅಂಗೈ ಹೋಯಿತು. ಮೂರನೇ ದಿನ ಎಡಗೈ ಕೂಡ. ನರಗಳ ಡಾಕ್ಟರು ತಂತಿ ಅಂಟಿಸಿ ಪರೀಕ್ಷೆ ಮಾಡಿ, ನರ ಎಲ್ಲ ಸರಿಯಾಗಿವೆ, ನಿದ್ದೆ ಮಾಡಿ ಎಂದರು.

ಐದನೇ ದಿನ ಬಿಸಿ ನೀರಿನ ತೊಟ್ಟಿಯಿಂದ ಶಾಖದ ಚೀಲ ತೆಗೆದು ಓಟಗಾರನೊಬ್ಬನ ತೊಡೆಗೆ ಇಡಲು ಹೋದಳು. ಅವನು ಕಿಟಾರನೆ ಕಿರುಚಿದ.

"ಮೇಡಂ, ಕೈ! ನಿಮ್ಮ ಕೈ!"

ಇಕ್ಕಳ ಹಿಡಿಯುವುದನ್ನು ಮರೆತು ಅವಳು ಬರಿಗೈಯನ್ನೇ ತೊಟ್ಟಿಗೆ ಅದ್ದಿದ್ದಳು. ಎರಡೂ ಅಂಗೈಯ ಚರ್ಮ ಬೆಂದು ಸುಲಿದಿತ್ತು. ಬೆಂದ ಮಾಂಸದ ವಾಸನೆ ಬಂತು. ಯಾರದೋ ಕೈ ನೋಡುವಂತೆ ನೋಡಿದಳು.

"ಓ, ಹೌದಲ್ಲ," ಎಂದಳು.

ತಾನು ಆಡಿದ್ದು ಗುಮಾಸ್ತನ ಮಾತು ಎಂದು ಅವಳಿಗೆ ಹೊಳೆಯಲೂ ಇಲ್ಲ. ಮರಗಟ್ಟಿದ್ದು ಬರೀ ಚರ್ಮವಲ್ಲ. ಊರಿನಿಂದ ಅಕ್ಕ ಫೋನು ಮಾಡಿ, ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಅತ್ತಳು. ಸರಿ ಎಂದು ಫೋನಿಟ್ಟು ಇವಳು ಕಾಲುಚೀಲ ಮಡಚಿದಳು. ದಿನಗಳು ಹೋದವು. ಮೊಣಕೈ ಹೋಯಿತು. ಭುಜ ಹೋಯಿತು. ಆಫೀಸಿನಲ್ಲಿ ಡೈರೆಕ್ಟರು, ಗುಮಾಸ್ತ, ಅವಳು, ಮೂವರೂ ಕುದಿಯುವ ಚಹಾ ಕುಡಿದರು. ಒಬ್ಬರೂ ಊದಲಿಲ್ಲ.

ಹನ್ನೊಂದನೇ ದಿನದ ಸಂಜೆ ಹಾಲಿನಲ್ಲಿ ಮಕ್ಕಳೆಲ್ಲ ಚೀಲ ಹೆಗಲಿಗೇರಿಸಿ ಹೊರಟರು. ಮಿಡತೆ ಹೊರಡಲಿಲ್ಲ. ಕಾಲು ವಾಸಿಯಾಗಿತ್ತು. ಫಿಸಿಯೋನೇ ವಾಸಿ ಮಾಡಿದ್ದಳು. ಕೋಚ್ ತನ್ನ ಕೋಣೆಯ ಬಾಗಿಲಲ್ಲಿ ನಿಂತು ಬೆರಳಾಡಿಸಿ ಕರೆದ. ಮಗು ನಡೆಯಿತು. ನಡೆಯುತ್ತ ಒಮ್ಮೆ ತಿರುಗಿ ಫಿಸಿಯೋನನ್ನು ನೋಡಿತು. ಫಿಸಿಯೋ ಕೂಡ ನೋಡಿದಳು, ತನ್ನದಲ್ಲದ ಬಸ್ಸು ಹೋಗುವುದನ್ನು ನೋಡುವ ಹಾಗೆ. ಬಾಗಿಲು ಮುಚ್ಚಿತು.

ಎದೆ ಧಸಕ್ಕೆನ್ನಲಿಲ್ಲ.

ಅದು ಮಾತ್ರ ಅವಳಿಗೆ ತಿಳಿಯಿತು. ಅನ್ನಬೇಕಿತ್ತು, ಅನ್ನಲಿಲ್ಲ. ತಾನು ಹೆದರಬೇಕು ಎಂದು ಲೆಕ್ಕ ಹಾಕಿದಂತೆ ಯೋಚಿಸಿದಳು, ಹೆದರಿಕೆ ಬರಲಿಲ್ಲ. ಆಫೀಸಿಗೆ ಹೋಗಿ ನೀಲಿ ಪುಸ್ತಕ ಇಳಿಸಿದಳು. ದಾರದ ಗಂಟುಗಳನ್ನು ಎಣಿಸಿದಳು. ಏಳು ಗಂಟು ಹಳತು, ಕೊಳೆಯಿಂದ ಕಪ್ಪಾಗಿದ್ದವು. ಎಂಟನೆಯದು ಹೊಸದು. ಅದರೊಳಗೆ ಉದ್ದನೆಯ ಒಂದು ಕೂದಲು ಸಿಕ್ಕಿಕೊಂಡಿತ್ತು. ಅವಳದೇ.

ನೆಲಮಾಳಿಗೆಗೆ ಇಳಿದಾಗ ಕರೆಂಟು ಹೋಗಿತ್ತು. ಯಂತ್ರಗಳು ಸತ್ತಂತೆ ಬಿದ್ದಿದ್ದವು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣಿಗೆ ಕತ್ತಲೆ, ಮೂಗಿಗೆ ಸುಟ್ಟ ಕೂದಲು.

"ಬಂದ್ರಾ," ಎಂದಿತು ಕತ್ತಲಲ್ಲಿ ಟವೆಲಮ್ಮನ ದನಿ.

"ಈ ದಾರ ನೂತಿದ್ದು ನೀವೇ."

"ನಾನೇ. ನನ್ನ ಮಗಳು ಹಾಕ್ಕೋತಿದ್ದ ಆಟದ ಬಟ್ಟೆ ಬಿಚ್ಚಿ, ಅವಳ ಕೂದಲು ಸುಟ್ಟು ಬೂದಿ ಮಾಡಿ ಸೇರಿಸಿ ನೂತೆ. ಮೂರು ಅಮಾವಾಸ್ಯೆ ಹಿಡೀತು. ಆ ಪುಸ್ತಕದ ಹನ್ನೆರಡನೇ ಪುಟದಲ್ಲಿ ಅವಳಿದ್ದಾಳೆ. ಓದಿ. ಅದರ ಕೆಳಗೂ 'ನೋಡಿದೆ' ಅಂತಿದೆ."

"ಈಗ ಎಲ್ಲಿದ್ದಾಳೆ?"

"ಇಲ್ಲ," ಎಂದಳು ಟವೆಲಮ್ಮ. ಅಷ್ಟೇ.

ನೀರು ತೊಟ್ಟಿಕ್ಕಿತು.

"ಆ ಕೋಚ್‌ಗೆ ಮಾಡ್ಬೇಕಿತ್ತು. ನಮಗ್ಯಾಕೆ?"

"ಅವನಿಗೇ ಮೊದಲು ಮಾಡಿದೆ. ಹತ್ತಲಿಲ್ಲ. ಮಾಟ ಹತ್ತೋಕೆ ಒಳಗೆ ನೋಯೋ ಜಾಗ ಒಂದಾದ್ರೂ ಇರ್ಬೇಕು. ಪೊಲೀಸರ ಹತ್ರ ಮೂರು ಸಲ ಹೋದೆ. ಕಂಡೋರು, ಕೇಳಿದೋರು ಯಾರಾದ್ರೂ ಒಬ್ರು ಬಂದು ಹೇಳ್ಲಿ ಅಂದ್ರು. ಇಲ್ಲಿನೋರನ್ನ ಕರೆದ್ರೆ ಎಲ್ಲರೂ ಮೇಲಿನೋರಿಗೆ ಹೇಳಿದ್ದೀವಿ ಅಂದ್ರು."

"ಬಿಚ್ಚಿ ಇದನ್ನ."

"ಗಂಟು ನಾನು ಹಾಕಲ್ಲ, ಅದೇ ಬೀಳುತ್ತೆ. ನೀವೇ ಬಿಚ್ಕೋಬೇಕು. ಹೊರಗೆ ಹೋಗಿ ಹೇಳಿ. ಬಾಯಿಬಿಟ್ಟು. ಕತ್ತಿನ ತನಕ ಬಂದಿರ್ಬೇಕಲ್ಲ? ನಾಲಿಗೆಗೆ ಬಂದ್ರೆ ಮುಗೀತು, ಬೇರೆಲ್ಲ ಮಾತು ಬರುತ್ತೆ, ಇದೊಂದು ಮಾತ್ರ ಹೊರಡಲ್ಲ. ಡೈರೆಕ್ಟರು ನಾಲಿಗೆಗೆ ಬಿಟ್ಕೊಂಡ್ರು."

ಅವಳು ಪುಸ್ತಕವನ್ನು ಕಂಕುಳಲ್ಲಿ ಅವುಚಿ ಮೆಟ್ಟಿಲು ಹತ್ತಿದಳು. ಮೊದಲು ಹಾಲಿಗೆ. ಕೋಚ್ ಕೋಣೆಯ ಬಾಗಿಲಿಗೆ ಭುಜ ಕೊಟ್ಟು ಗುದ್ದಿದಳು. ಮತ್ತೆ ಗುದ್ದಿದಳು. ಒಳಗಿನಿಂದ ಚಿಲಕ ಸರಿಯಿತು. ಕೋಚ್ ನಗುತ್ತ, "ಏನ್ ಮೇಡಂ, ಇಷ್ಟು ಅವಸರ?" ಎಂದ. ಅವಳು ಮಗುವಿನ ಕೈ ಹಿಡಿದು ಎಳೆದಳು. ಹಿಡಿದದ್ದು ಗೊತ್ತಾಗಲಿಲ್ಲ. ಗೇಟಿನವರೆಗೂ ಮತ್ತೆ ಮತ್ತೆ ತಿರುಗಿ, ಕೈಯ ತುದಿಯಲ್ಲಿ ಮಗು ಇದೆಯೇ ಎಂದು ಕಣ್ಣಿನಿಂದ ನೋಡಿಕೊಂಡಳು. ಇತ್ತು.

ಆಟೋ ಸಿಕ್ಕಿತು. ಕತ್ತು ಹೋಯಿತು. ಗದ್ದ ಹೋಯಿತು. ಸಿಗ್ನಲ್ಲು ಕೆಂಪಾಯಿತು. ತುಟಿ ಹೋಯಿತು. ನಾಲಿಗೆಯನ್ನು ಹಲ್ಲಿನಿಂದ ಕಚ್ಚಿದಳು. ರಕ್ತದ ರುಚಿ ಬಂತು. ರುಚಿ ಇದೆ. ಇನ್ನೂ ಇದೆ. ಮತ್ತೆ ಕಚ್ಚಿದಳು. ಸ್ಟೇಷನ್ನಿನ ಮೆಟ್ಟಿಲು. ಮೂರು. ನಾಲ್ಕು. ಮೇಜಿನ ಹಿಂದೆ ಒಬ್ಬ ಮಹಿಳಾ ಇನ್ಸ್‌ಪೆಕ್ಟರು.

"ಏನಾಯ್ತು?"

ನಾಲಿಗೆ ಹೊರಳಲಿಲ್ಲ. ಬಾಯಲ್ಲಿ ಒದ್ದೆ ಬಟ್ಟೆ ತುರುಕಿದಂತೆ. ಎಳೆದಳು. ಹೊರಳಲಿಲ್ಲ. ಮಗು ಅವಳ ಮುಖವನ್ನೇ ನೋಡುತ್ತಿತ್ತು.

"ಮ... ಮಗು," ಎಂದಳು. "ಈ ಮಗು. ನನಗೆ. ಹೇಳಿತು."

ಒಂದೊಂದೇ ಮಾತು. ಒಂದೊಂದು ಮಾತಿಗೂ ಮೈಯ ಒಂದೊಂದು ಗೇಣು ವಾಪಸು ಬಂತು. ತುಟಿ ಬಂತು. ಕತ್ತು ಬಂತು. ಭುಜ, ಮೊಣಕೈ ಬಂದವು. ಅಂಗೈ ಬಂತು. ಬೆಂದು ಆರು ದಿನವಾಗಿದ್ದ ಅಂಗೈ, ಆರು ದಿನದ ಉರಿಯನ್ನೆಲ್ಲ ಒಂದೇ ಸಲಕ್ಕೆ ಹೊತ್ತು ತಂದಿತು. ಅದರ ಹಿಂದೆಯೇ ಅಮ್ಮನ ಆಸ್ಪತ್ರೆ ಬಂತು. ಅದರ ಹಿಂದೆ ಮುಚ್ಚಿದ ಬಾಗಿಲು ಬಂತು. ಅವಳು ನೆಲಕ್ಕೆ ಬಿದ್ದು ಗಂಟಲು ಹರಿಯುವಂತೆ ಕೂಗಿದಳು.

ಕೂಗು ನಿಂತ ಮೇಲೆ ಇನ್ಸ್‌ಪೆಕ್ಟರು ಕೇಳಿದರು. "ನಿಮಗೆ ಯಾವತ್ತು ಗೊತ್ತಾಗಿದ್ದು?"

"ಹನ್ನೊಂದು ದಿನದ ಹಿಂದೆ."

ಅವರು ಬರೆದುಕೊಂಡರು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕೋಚ್‌ನನ್ನು ಅಂದೇ ಹಿಡಿದರು. ನೀಲಿ ಪುಸ್ತಕ ಪೊಲೀಸರ ವಶವಾಯಿತು. ಹನ್ನೆರಡನೇ ಪುಟವನ್ನು ಟವೆಲಮ್ಮನೆದುರು ಗಟ್ಟಿಯಾಗಿ ಓದಿದರಂತೆ. ಡೈರೆಕ್ಟರನ್ನು ವಿಚಾರಣೆಗೆ ಕರೆಸಿದಾಗ ಅವರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಒಂದು ಮಾತೂ ಹೊರಡಲಿಲ್ಲ. ದಾರದಲ್ಲಿ ಏಳು ಗಂಟುಗಳು ಹಾಗೆಯೇ ಇದ್ದವು.

ಫಿಸಿಯೋಗೆ ಎಲ್ಲ ಮರಳಿತು, ಬಲಗೈಯ ಆ ಎರಡು ಬೆರಳು ಬಿಟ್ಟು. ಅವು ಇಲ್ಲದೆ ಆ ಕೆಲಸ ಆಗುವುದಿಲ್ಲ. ಬಿಟ್ಟಳು.

ತಿಂಗಳ ಮೇಲೆ ಮಿಡತೆ ತಾಯಿಯ ಜೊತೆ ಅವಳ ಮನೆಗೆ ಬಂದಳು. ತಾಯಿ ಹೊಸ್ತಿಲಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಮಗು ಬಂದು ಪಕ್ಕದಲ್ಲಿ ಕುಳಿತು ಅವೇ ಎರಡು ಬೆರಳು ಹಿಡಿದುಕೊಂಡಿತು. ಮಗುವಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಗಟ್ಟಿಯಾಗಿ ಹಿಡಿದಿದೆ ಎಂದು ಅದರಿಂದ ಗೊತ್ತಾಯಿತು.

"ಅಕ್ಕಾ, ನೀವು ಅವತ್ತೇ ಹೇಳಿದ್ರಿ ಅಲ್ವಾ? ಅವರೇ ಬರೋದು ತಡ ಮಾಡಿದ್ರು ಅಲ್ವಾ?"

ಹೂಂ ಎನ್ನುವುದು ಬಹಳ ಸುಲಭವಿತ್ತು. ಅವಳು ನೆಲ ನೋಡಿದಳು.

"ಇಲ್ಲಮ್ಮಾ. ಪುಸ್ತಕದಲ್ಲಿ ಬರೆದೆ, ಅಷ್ಟೆ. ಯಾರಿಗೂ ಹೇಳ್ಲಿಲ್ಲ."

ಬಹಳ ಹೊತ್ತಿನ ಮೇಲೆ ತಲೆ ಎತ್ತಿದಾಗ ಮಗು ಆಗಲೇ ಬಾಗಿಲ ಬಳಿ ಅಮ್ಮನ ಸೆರಗು ಹಿಡಿದು ನಿಂತಿತ್ತು. ಯಾವಾಗ ಕೈ ಬಿಟ್ಟಿತೋ ಅವಳಿಗೆ ಗೊತ್ತಾಗಲೇ ಇಲ್ಲ.