ಬೀಗಿತ್ತಿ ಕೇಳಿದ ವಯಸ್ಸು

“ಕೇಳಿದರೆ ಹದಿನೆಂಟು ತುಂಬಿದೆ ಅನ್ಬೇಕು. ತಿಳೀತಾ?” ಎಂದು ಯೋತಾಮ್ ತೀರಿಹೋದ ತಮ್ಮನ ಮಗಳ ಮುಂದೆ ಬೆರಳಾಡಿಸಿದ. ತವೊಂಗಾ ತಲೆ ತಗ್ಗಿಸಿ ಹೂಂಗುಟ್ಟಿದಳು. ಒಲೆಯ ಮುಂದೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತೊಳಸುತ್ತಿದ್ದ ತಾಯಿ ಮಲಿತಾಳ ಕೈ ನಿಂತುಹೋಯಿತು. ಮಗಳಿಗಿನ್ನೂ ಹದಿನೈದು... ಆದರೆ ಗಂಡ ಸತ್ತ ಮೇಲೆ ಭಾವನ ಹಂಗಿನಲ್ಲಿ ಬದುಕುವವಳು ಅವಳು. ಎದುರಾಡಿದರೆ ಇಡೀ ಮ್ಜಿಂಬಾ ಜಿಲ್ಲೆಯಲ್ಲಿ ಅವಳಿಗೆ ಬೇರೆ ಸೂರು ಎಲ್ಲಿತ್ತು?

ಮಲಾವಿಯಲ್ಲಿ ಹದಿನೆಂಟಾಗದೆ ಮದುವೆ ಮಾಡಕೂಡದೆಂಬ ಕಾನೂನು ಬಂದದ್ದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದರಿಂದಲೇ ಯೋತಾಮ್ ಸುಳ್ಳು ಕಲಿಸುತ್ತಿದ್ದ. ವರನ ಕಡೆಯವರು ಹೆಣ್ಣಿಗೆ ತೆರವಾಗಿ ಕೊಟ್ಟ ಹಸುಗಳು ಆಗಲೇ ಅವನ ದೊಡ್ಡಿ ಸೇರಿದ್ದವು.

ಮಧ್ಯಾಹ್ನ ವರನ ತಾಯಿ ನ್ಯಾಸೊಕೊ ಹೆಣ್ಣು ನೋಡಲು ಬಂದಳು. ಅವಳ ನಾಲಿಗೆಗೆ ಸುತ್ತಲ ಹಳ್ಳಿಗಳೇ ಹೆದರುತ್ತಿದ್ದವು. ಹಿರಿಯ ಸೊಸೆ ಅವಳ ಕಾಟ ತಾಳಲಾರದೆ ತವರಿಗೆ ಓಡಿದಳೆಂದು ಜನ ಆಡಿಕೊಳ್ಳುತ್ತಿದ್ದರು. ಚಾಪೆಯ ಮೇಲೆ ಕೂತು ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ವಯಸ್ಸು ಕೇಳಿದಳು. ತವೊಂಗಾ ಹೇಳಿಕೊಟ್ಟದ್ದನ್ನೇ ಒಪ್ಪಿಸಿದಳು. ನ್ಯಾಸೊಕೊ ಮಲಿತಾಳ ಕಡೆ ತಿರುಗಿದಳು.

“ಹೆತ್ತವಳು ನೀನು. ನೀನು ಹೇಳಮ್ಮ.”

ಭಾವನ ಕಣ್ಣು ಕೆಂಡವಾಗಿತ್ತು. ಮಲಿತಾ ಮಗಳತ್ತ ನೋಡಿದಳು. ಸುಳ್ಳಾಡಿದರೆ ಸೂರು ಉಳಿಯುತ್ತದೆ, ಮಗಳು...?

“ಹದಿನೈದು, ಅಕ್ಕ... ಇನ್ನೂ ಮಗು ಅದು,” ಎಂದವಳೇ ಹೊದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಯೋತಾಮ್ ಧಡಕ್ಕನೆ ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ನ್ಯಾಸೊಕೊ ಕೈಯೆತ್ತಿ ತಡೆದಳು.

“ಕೂತ್ಕೊಳ್ಳಪ್ಪ. ನಾನು ಹದಿನಾಲ್ಕಕ್ಕೇ ಮದುವೆಯಾಗಿ ಬಂದೋಳು. ಮೊದಲನೇ ಹೆರಿಗೇಲಿ ಮಗೂನ ಕಳ್ಕೊಂಡೆ, ನನ್ನ ಜೀವಾನೂ ಅರ್ಧ ಹೋಯ್ತು. ಆಗ ಇಂಥ ಕಾನೂನಿರಲಿಲ್ಲ, ಕೇಳೋರೂ ಇರಲಿಲ್ಲ. ನನ್ನ ಹಸುಗಳನ್ನ ಇವತ್ತೇ ಹೊಡ್ಕೊಂಡು ಹೋಗ್ತೀನಿ. ಈ ತಾಯಿ-ಮಗಳನ್ನ ಆಚೆ ಹಾಕಿದೆ ಅಂತ ಕಿವಿಗೆ ಬಿದ್ರೆ, ನಿಮ್ಮೂರ ಮುಖ್ಯಸ್ಥನ ಅಂಗಳದಲ್ಲಿ ಬಂದು ಕೂರ್ತೀನಿ. ನನ್ನ ಬಾಯಿ ಎಂಥದ್ದು ಅಂತ ನಿಂಗೊತ್ತಲ್ಲ.”

ಹಸುಗಳು ದೊಡ್ಡಿ ದಾಟಿ ಕೆಮ್ಮಣ್ಣಿನ ದಾರಿ ಹಿಡಿದವು. ತವೊಂಗಾ ತಾಯಿಯ ಮಡಿಲಲ್ಲಿ ಕುಸಿದು, ಎಷ್ಟೋ ದಿನಗಳಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಭಯವೆಲ್ಲ ಕರಗಿ ಹರಿದುಹೋಗುವಂತೆ ಅತ್ತಳು.

ಸಂಜೆ ಮಲಿತಾ ಎಂದಿನಂತೆ ಮಂಡಿಯೂರಿ ಭಾವನ ಕೈಗೆ ನೀರು ಹಾಕಿದಳು. ಬೈಗುಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಅವನು ಮುದ್ದೆ ಮುರಿಯುತ್ತ, ಮುಖ ಎತ್ತದೆ ಕೇಳಿದ:

“ಸ್ಕೂಲು ಯಾವತ್ತು ಶುರು?”

“ಸೋಮವಾರ, ಭಾವ.”

“ಅವಳು ಹೋಗ್ಲಿ,” ಎಂದ.

ಮಲಿತಾ ಒಳಗೆ ಹೋಗಿ ಮಗಳಿಗೆ ಬಡಿಸಿದಳು. ಮದುವೆಯ ಮಾತು ಬಂದಾಗಿನಿಂದ ಊಟವೆಂದರೆ ಮುಖ ತಿರುಗಿಸುತ್ತಿದ್ದ ಹುಡುಗಿ ಅಂದು ಇನ್ನಷ್ಟು ಹಾಕಿಸಿಕೊಂಡು ಉಂಡಳು.